ನಲವತ್ತಮೂರು ದಿನ ಗೈರು

ಇನ್ಸಾಫ್‌ಗೆ ಸಿಟ್ಟು ಬಂದರೆ ಮೊದಲು ತಿಳಿಯುವುದು ನನಗೆ. ನಮ್ಮ ಎರಡೂ ಮನೆಗಳ ಅಡಿಗೆಮನೆ ಕಿಟಕಿಗಳು ಕಟ್ಟಡದ ನಡುವಿನ ಒಂದೇ ಕತ್ತಲೆ ಸಂದಿಗೆ ತೆರೆದುಕೊಂಡಿವೆ. ಅವಳು ಪಾತ್ರೆ ಇಡುವ ಸದ್ದಿನಲ್ಲೇ ಆ ಮನೆಯ ಸಮಾಚಾರ ಗೊತ್ತಾಗಿಬಿಡುತ್ತದೆ. ಆಗಸ್ಟ್ ತಿಂಗಳ ಆ ಮಂಗಳವಾರ ಮಧ್ಯಾಹ್ನ ಒಂದರ ಹಿಂದೆ ಒಂದು ಮುಚ್ಚಳ ಬಿದ್ದದ್ದು ಕೇಳಿ ನಾನು ಹೊಲಿಗೆ ಯಂತ್ರ ನಿಲ್ಲಿಸಿ ಎದುರುಮನೆಗೆ ಹೋದೆ. ಕೈರೋದ ನಡುಪೇಟೆಯ ಈ ಹಳೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಮೂವತ್ತೊಂದು ವರ್ಷದಿಂದ ಬಟ್ಟೆ ಹೊಲಿದುಕೊಂಡು ಇದ್ದೇನೆ. ಆ ಮನೆಗೆ ನಾನು ಬಾಗಿಲು ಬಡಿದು ಹೋಗುವವಳಲ್ಲ.

ಊಟದ ಮೇಜಿನ ಮೇಲೆ ಮುಲೂಖಿಯ್ಯಾ ಸೊಪ್ಪಿನ ಸಾರು ಆರುತ್ತಿತ್ತು. ಯಾರೂ ಮುಟ್ಟಿರಲಿಲ್ಲ. ಮಗಳು ಶಾಹಿಂದಾ ಹೊರಗಿನಿಂದ ಬಂದವಳು ತಲೆವಸ್ತ್ರದ ಪಿನ್ನು ಕೂಡ ಬಿಚ್ಚದೆ ಕೂತಿದ್ದಳು. ಅವಳ ಅಪ್ಪ ವಗ್ದಿ ಮೇಷ್ಟ್ರು ರೊಟ್ಟಿಯ ಒಂದು ತುಂಡು ಹಿಡಿದುಕೊಂಡು ಅದನ್ನೇ ನೋಡುತ್ತಿದ್ದರು.

"ಬಾ ಬಹೀಗಾ, ಬಾ. ನಮ್ಮ ಮೇಷ್ಟ್ರ ಪ್ರಾಮಾಣಿಕತೆ ನೋಡು ಬಾ," ಅಂದಳು ಇನ್ಸಾಫ್. "ಕ್ಲಾಸಿನ ನಲವತ್ತೆರಡು ಹುಡುಗೀರಲ್ಲಿ ನಮ್ಮವಳು ಕಟ್ಟಕಡೆಯವಳಂತೆ."

"ಮಾರ್ಕ್ಸಲ್ಲಾ?"

"ಮಾರ್ಕ್ಸಲ್ಲಿ ಆರನೆಯವಳು. ಹಾಜರಿಯಲ್ಲಿ."

ಇದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸರ್ಕಾರದ ಕಚೇರಿಗಳೆಲ್ಲ ಮರಳುಗಾಡಿನ ಹೊಸ ರಾಜಧಾನಿಗೆ ಹೋದ ಮೇಲೆ ನಮ್ಮ ನಡುಪೇಟೆಯಲ್ಲಿ ದೊಡ್ಡ ದೊಡ್ಡ ಕಟ್ಟಡಗಳು ಖಾಲಿ ಬಿದ್ದವು. ಅವನ್ನೇನು ಮಾಡುವುದು ಎಂದು ಒಂದು ಸಮಿತಿ ಮಾಡಿದರು. ನಡುಪೇಟೆಯ ಶಾಲೆ, ಕಾಲೇಜುಗಳನ್ನು ಸುಧಾರಿಸುವ ಸಮಿತಿ. ಸುಧಾರಣೆ ಎಂದರೆ ಮೊದಲು ಬಣ್ಣ. ನಮ್ಮ ಬೀದಿ ಕೊನೆಯ ಹೆಣ್ಣುಮಕ್ಕಳ ಸರ್ಕಾರಿ ಪ್ರೌಢಶಾಲೆಗೆ ನೀಲಿ ಬಣ್ಣ ಬಿತ್ತು, ಮೂವತ್ತು ಕಂಪ್ಯೂಟರ್ ಬಂದವು, ಗೇಟಿಗೆ ಹೊಸ ಬೋರ್ಡು ಬಂತು. ಆಮೇಲೆ ಖಾಲಿ ಕಟ್ಟಡವೊಂದರಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯುತ್ತೇವೆ, ಆ ಶಾಲೆಯ ಹತ್ತು ಹುಡುಗಿಯರಿಗೆ ಐದು ವರ್ಷ ಫೀಸೇ ಇಲ್ಲ ಎಂದರು. ಮಾರ್ಕ್ಸು ನೂರಕ್ಕೆ ಎಪ್ಪತ್ತೈದು ದಾಟಿರಬೇಕು. ದಾಟಿದವರಲ್ಲಿ ಹಾಜರಿ ಹೆಚ್ಚಿದ್ದವರಿಗೆ ಮೊದಲು. ಇಬ್ಬರ ಹಾಜರಿ ಸಮವಾದರೆ ಮಾರ್ಕ್ಸು ನೋಡುತ್ತಾರೆ. ಆ ಹತ್ತು ಹೆಸರಿನ ಪಟ್ಟಿಯನ್ನು ಆ ಮಂಗಳವಾರ ಅಂಟಿಸಿದ್ದರು, ಶಾಹಿಂದಾ ಅದನ್ನು ನೋಡಿಕೊಂಡು ಬಂದಿದ್ದಳು.

ಈ ನಿಯಮ ಮಾಡಿದವನು ಯಾವ ಊರಿನವನೋ, ದೇವರಿಗೇ ಗೊತ್ತು. ನಮ್ಮಲ್ಲಿ ಪ್ರೌಢಶಾಲೆಯ ಕೊನೇ ವರ್ಷದ, ಅಂದರೆ ಹನ್ನೆರಡನೇ ಕ್ಲಾಸಿನ ಮಕ್ಕಳು ಶಾಲೆಗೆ ಹೋಗುವುದೇ ಇಲ್ಲ. ಬೆಳಿಗ್ಗೆಯಿಂದ ಟ್ಯೂಷನ್ ಸೆಂಟರುಗಳಲ್ಲಿ ಇರುತ್ತಾರೆ. ಪಾಠ ಹೇಳಬೇಕಾದ ಮೇಷ್ಟ್ರುಗಳೂ ಅಲ್ಲೇ ಇರುತ್ತಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಎಲ್ಲರೂ ದಿನವೂ ಹಾಜರ್. ಮುಖ್ಯೋಪಾಧ್ಯಾಯಿನಿ ಇಗ್ಲಾಲ್ ಮೇಡಂ ಬಾಯಿಮಾತಿನಲ್ಲೇ ಹೇಳಿಬಿಟ್ಟಿದ್ದರು, ಹಾಜರಿ ಕಮ್ಮಿಯಾದರೆ ಬಣ್ಣವೂ ಇಲ್ಲ ಕಂಪ್ಯೂಟರೂ ಇಲ್ಲ, ಎಲ್ಲರಿಗೂ ಹಾಕಿ ಅಂತ.

ಟ್ಯೂಷನ್ ಹೇಳದ ಒಬ್ಬ ಮೇಷ್ಟ್ರು ಆ ಶಾಲೆಯಲ್ಲಿ ಉಳಿದಿದ್ದರೆ ಅದು ವಗ್ದಿ. ಲೆಕ್ಕದ ಮೇಷ್ಟ್ರು, ಆ ಕ್ಲಾಸಿನ ಹಾಜರಿ ಪುಸ್ತಕವೂ ಅವರದೇ. ನಾಲ್ಕು ಹುಡುಗಿಯರ ಮುಂದೆ ಪೂರ್ತಿ ಗಂಟೆ ಪಾಠ ಮಾಡುತ್ತಿದ್ದರು. ಆ ನಾಲ್ವರಲ್ಲಿ ಅವರ ಮಗಳು ಶಾಹಿಂದಾ ಒಬ್ಬಳು, ನಮ್ಮ ಕಟ್ಟಡದ ಕಾವಲುಗಾರನ ಮಗಳು ಸಬ್ರೀನ್ ಒಬ್ಬಳು, ಸೆಂಟರಿಗೆ ದುಡ್ಡಿಲ್ಲದ ಇನ್ನಿಬ್ಬರು.

ಹೋದ ಅಕ್ಟೋಬರಿನಲ್ಲಿ ಲಿಫ್ಟ್ ಕೆಟ್ಟಿತು, ಇವತ್ತಿಗೂ ಸರಿಯಾಗಿಲ್ಲ. ವಗ್ದಿಯ ತಾಯಿ ದೌಲತ್ ಮೇಡಂ ಮೆಟ್ಟಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಎಪ್ಪತ್ತಾರು ವರ್ಷ. ಅದೇ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಇದ್ದು ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಆಪರೇಷನ್ ಆದ ಮೇಲೆ ಭಾನುವಾರ, ಬುಧವಾರ ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಾಲಿನ ವ್ಯಾಯಾಮ ಮಾಡಿಸಬೇಕು. ನಮ್ಮಲ್ಲಿ ವಾರದ ರಜೆ ಶುಕ್ರವಾರ, ಶನಿವಾರ; ಭಾನುವಾರ ಎಲ್ಲರಿಗೂ ಕೆಲಸ. ಇನ್ಸಾಫ್‌ಗೆ ಅಂಚೆ ಕಚೇರಿಯ ಕೌಂಟರು. ವಗ್ದಿಗೆ ಶಾಲೆ. ಶಾಹಿಂದಾ ಕರೆದುಕೊಂಡು ಹೋಗಲಿ, ಈ ವರ್ಷ ಶಾಲೆಗೆ ಯಾರು ಹೋಗುತ್ತಾರೆ ಎಂದು ಎಲ್ಲರೂ ಅಂದರು. ನಾನೂ ಅಂದೆ. ಆ ಭಾನುವಾರ, ಬುಧವಾರಗಳು ಸೇರಿ ನಲವತ್ತಮೂರು ದಿನ. ಆ ನಲವತ್ತಮೂರೂ ದಿನ ವಗ್ದಿ ಮೇಷ್ಟ್ರು ತಮ್ಮ ಮಗಳ ಹೆಸರಿನ ಮುಂದೆ ಗೈರು ಎಂದು ಬರೆದಿದ್ದರು.

"ಮಿಕ್ಕ ನಲವತ್ತೊಂದು ಹುಡುಗೀರಿಗೂ ಹಾಜರಿ ಹಾಕಿದೀಯಲ್ಲ ಅಪ್ಪ," ಅಂದಳು ಶಾಹಿಂದಾ. ಅವಳ ಧ್ವನಿ ಏರಿರಲಿಲ್ಲ. "ನೂರ್‌ಹಾನ್‌ಗೆ ನೂರಕ್ಕೆ ನೂರು. ವರ್ಷದಲ್ಲಿ ಅವಳು ಗೇಟು ದಾಟಿದ್ದು ಎರಡು ಸಲ, ಒಂದು ಫಾರಂ ತುಂಬೋಕೆ, ಇನ್ನೊಂದು ಫೋಟೋ ಕೊಡೋಕೆ."

"ಅದು ಮೇಡಂ ಆರ್ಡರು," ಅಂದರು ವಗ್ದಿ.

"ನನಗೆ ಆರ್ಡರು ಅನ್ವಯಿಸಲ್ವಾ?"

"ನೀನು ನನ್ನ ಮಗಳು. ಬರದ ದಿನ ಬಂದಳು ಅಂತ ಬರೆದ್ರೆ ಜನ ಏನಂತಾರೆ? ವಗ್ದಿ ತನ್ನ ಮಗಳಿಗೆ ಅಂತ..."

"ಆ ಬುಧವಾರಗಳಲ್ಲಿ ಅಜ್ಜಿಯ ಇನ್ನೊಂದು ಕೈ ನೀನೇ ಹಿಡ್ಕೊಂಡು ನಾಲ್ಕು ಮಹಡಿ ಇಳಿಸ್ತಿದ್ದೆ. ಟ್ಯಾಕ್ಸಿ ಬಾಗಿಲು ನೀನೇ ಹಾಕ್ತಿದ್ದೆ. ಅಲ್ಲಿಂದ ನೆಟ್ಟಗೆ ಶಾಲೆಗೆ ಹೋಗಿ ನಾನು ಗೈರು ಅಂತ ಬರ್ಕೊಂಡ್ಯಾ?"

ವಗ್ದಿ ರೊಟ್ಟಿ ಕೆಳಗಿಟ್ಟರು. "ಇದು ಯಾವುದಕ್ಕಾದ್ರೂ ಲೆಕ್ಕಕ್ಕೆ ಬರುತ್ತೆ ಅಂತ ಆಗ ಯಾರಿಗೆ ಗೊತ್ತಿತ್ತು?"

"ಲೆಕ್ಕಕ್ಕೆ ಬರಲ್ಲ ಅಂದ್ಮೇಲೆ ಹಾಕಿಬಿಡಬಹುದಿತ್ತಲ್ಲ ಮಾರಾಯರೇ," ಅಂದಳು ಇನ್ಸಾಫ್. "ಈಗ ಆ ಸರ್ಕಾರಿ ಸೀಟು ಹಂಚಿಕೆ ಆಫೀಸಿನವರು ಇವಳನ್ನ ಎಲ್ಲಿಗೆ ಹಾಕಿದಾರೆ ಗೊತ್ತಾ ಬಹೀಗಾ? ಅಸ್ಯೂತ್. ರೈಲಲ್ಲಿ ಆರು ಗಂಟೆ ದಾರಿ. ವಾಣಿಜ್ಯ ಓದೋಕೆ. ಹಾಸ್ಟೆಲ್ಲಿಗೆ ಇವರ ಸಂಬಳ ಸಾಲಲ್ಲ, ಇವರಮ್ಮನ್ನ ಬಿಟ್ಟು ಹೋಗಕ್ಕೂ ಆಗಲ್ಲ. ಅಲ್ಲಿಗೆ ಮನೇಲಿ ಕೂತ್ಕೋ ಅಂತ ತಾನೇ?"

ಒಳಕೋಣೆಯಿಂದ ವಾಕರಿನ ಸದ್ದು ಬಂತು. "ಏನದು ಗಲಾಟೆ?" ಎಂದರು ದೌಲತ್ ಮೇಡಂ.

"ಏನಿಲ್ಲ ಅಜ್ಜಿ. ಸಾರಿಗೆ ಉಪ್ಪು ಜಾಸ್ತಿಯಾಗಿದೆ," ಅಂದಳು ಶಾಹಿಂದಾ, ತಟ್ಟೆಯನ್ನು ಹತ್ತಿರ ಎಳೆದುಕೊಳ್ಳುತ್ತ. ಮುದುಕಿಗೆ ಹೇಳುವುದು ಬೇಡ, ಆ ದಿನ ಆ ಮೂವರೂ ಒಪ್ಪಿದ್ದು ಇದೊಂದನ್ನೇ.

ಮರುದಿನ ಇನ್ಸಾಫ್ ಅಂಚೆ ಕಚೇರಿಗೆ ಅರ್ಧ ದಿನ ರಜೆ ಹಾಕಿ ಇಗ್ಲಾಲ್ ಮೇಡಂ ಹತ್ತಿರ ಹೋದಳು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದಳು. ಮೇಡಂ ಕೋಣೆಗೆ ಹೊಸ ಏಸಿ, ಹೊಸ ಸೋಫಾ. ಟೀ ತರಿಸಿದರು. ಇನ್ಸಾಫ್ ಕೂರಲಿಲ್ಲ.

"ನನ್ನ ಮೇಲೆ ಯಾಕಮ್ಮಾ ಸಿಟ್ಟು? ನಾನು ಎಲ್ಲರಿಗೂ ಹಾಕಿ ಅಂದೆ. ಒಬ್ಬಳಿಗೆ ಹಾಕದೇ ಇದ್ದೋರು ನಿಮ್ಮ ಯಜಮಾನ್ರು."

"ಆಸ್ಪತ್ರೆ ಚೀಟಿ ತಂದಿದೀನಿ. ನಲವತ್ತಮೂರೂ ಇದೆ. ತಾರೀಕು ನೋಡಿ."

"ಅದು ನಿಮ್ಮ ಅತ್ತೆಯ ಹೆಸರಲ್ಲಿದೆ. ಹುಡುಗಿಗೆ ಕಾಯಿಲೆ ಇದ್ದಿದ್ರೆ ರಜೆ ಅಂತ ಬರೀಬಹುದಿತ್ತು."

"ಹಾಗಾದ್ರೆ ಇನ್ನೊಂದ್ಸಲ ಬೀಳೋವಾಗ ಹುಡುಗೀನೇ ಬೀಳ್ಲಿ ಅಂತ ಹೇಳ್ತೀನಿ."

ಮೇಡಂ ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ತಕರಾರು ಅರ್ಜಿಗೆ ಹನ್ನೆರಡು ದಿನ ಇದೆ. ಪುಸ್ತಕ ಕ್ಲಾಸ್ ಮೇಷ್ಟ್ರ ವಶದಲ್ಲಿದೆ. ಕಪ್ಪು ಪೆನ್ನು ಎಲ್ಲರ ಮನೇಲೂ ಇರುತ್ತೆ. ಇನ್ನೇನು ಹೇಳಲಿ ನಾನು?"

ಇನ್ಸಾಫ್‌ಗೆ ಅರ್ಥವಾಯಿತು. ಅಂದಿನಿಂದ ಮನೆಯಲ್ಲಿ ಒಂದೇ ಮಾತು. ಪುಸ್ತಕ ತನ್ನಿ. ವಗ್ದಿ ತರಲಿಲ್ಲ. ಮಧ್ಯಾಹ್ನ ಮೇಜಿನ ಮೇಲೆ ಇನ್ಸಾಫ್ ಮೂರೇ ತಟ್ಟೆ ಇಡತೊಡಗಿದಳು. ವಗ್ದಿ ಬಂದು ಕೂತರೆ, "ಮೇಷ್ಟ್ರು ಇವತ್ತು ಗೈರು. ಗೈರಾದೋರಿಗೆ ಊಟ ಇಲ್ಲ," ಎನ್ನುವಳು. ಮೊದಲ ದಿನ ಅವರು ನಕ್ಕು ಅಡಿಗೆಮನೆಗೆ ಹೋದರು. ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿದ್ದವು.

ಆಮೇಲೆ ಅವರು ಮೂಲೆಯ ಗಾಡಿಯಿಂದ ಬೇಯಿಸಿದ ಅವರೆಯ ಫೂಲ್ ರೊಟ್ಟಿ ಕಟ್ಟಿಸಿಕೊಂಡು ಮೆಟ್ಟಿಲ ಮೇಲೆ ಕೂತು ತಿನ್ನುವುದು ಶುರುವಾಯಿತು. ಮನೆಗೆ ಬೀಗ ಬಿದ್ದವರಂತೆ ಅಲ್ಲಿ ಕೂತ ಗಂಡಸನ್ನು ನೋಡಿ ನನಗೆ ಪಾಪ ಅನ್ನಿಸಲಿಲ್ಲ, ನಿಜ ಹೇಳುತ್ತೇನೆ. ಮೈ ಉರಿಯಿತು. ಆದರೂ ಟೀ ಕೊಟ್ಟೆ.

"ನಾನು ಮಾಡಿದ್ದು ತಪ್ಪಾ ಬಹೀಗಾ? ನನ್ನ ಕೈಯಾರೆ ನನ್ನ ಮಗಳಿಗೆ ಸುಳ್ಳು ಬರೀಬೇಕಿತ್ತಾ?"

"ಮೇಷ್ಟ್ರೇ, ಚಪ್ಪಲಿ ಅಂಗಡಿಯವನ ಮಗಳು ನೂರ್‌ಹಾನ್‌ಗೆ ಬರೆಯೋವಾಗ ಕೈ ಯಾರದಿತ್ತು?"

ಅವರು ಗ್ಲಾಸು ತಿರುಗಿಸುತ್ತ ಕೂತರು. "ಅದು ಕೆಲಸ. ಇದು ನನ್ನದು," ಅಂದರು. ಆ ಮಾತಿಗೆ ನಾನು ಟೀ ಗ್ಲಾಸು ಕಿತ್ತುಕೊಂಡು ಒಳಗೆ ಬಂದೆ.

ಶಾಹಿಂದಾ ಅಪ್ಪನ ಜೊತೆ ಮಾತು ಬಿಟ್ಟಳು. ಅಜ್ಜಿಯನ್ನು ಮಾತ್ರ ಭಾನುವಾರ, ಬುಧವಾರ ಕರೆದುಕೊಂಡು ಹೋಗಿ ಬರುತ್ತಿದ್ದಳು. ಮೆಟ್ಟಿಲಲ್ಲಿ ಅಪ್ಪ ಇನ್ನೊಂದು ಕೈ ಹಿಡಿಯಲು ಬಂದರೆ, "ಬಿಡು, ನಿನಗೆ ಶಾಲೆಗೆ ಹೊತ್ತಾಗುತ್ತೆ," ಎನ್ನುವಳು. ಅದೂ ಬೇಸಿಗೆ ರಜೆಯಲ್ಲಿ.

ಹೀಗೆ ಎಂಟು ದಿನ ಕಳೆದವು. ಗುರುವಾರ ಸಂಜೆ ವಗ್ದಿ ತರಕಾರಿ ಚೀಲದಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ಶುಕ್ರವಾರ ನಮಾಜಿಗೆ ಮುಂಚೆ ನಾನೂ ಇನ್ಸಾಫೂ ಮೇಜಿನ ಮೇಲೆ ಎಳೆ ಸೀಮೆಬದನೆಗಳ ತಿರುಳು ಕೊರೆದು ಅನ್ನ ತುಂಬುತ್ತ ಕೂತಿದ್ದೆವು. ವಗ್ದಿ ಚೀಲ ತಂದು ಮೇಜಿನ ತುದಿಯಲ್ಲಿಟ್ಟು, ಜೇಬಿನಿಂದ ಕಪ್ಪು ಪೆನ್ನು ತೆಗೆದರು. ಒಂಬತ್ತನೇ ದಿನಕ್ಕೆ ಆ ಮನುಷ್ಯ ಸೋತಿದ್ದರು. ಇನ್ಸಾಫ್ ಅವರಿಗೆ ಜಾಗ ಮಾಡಿಕೊಟ್ಟಳು.

"ಆ ಚೀಲದಲ್ಲಿ ಏನು?" ಅಂದರು ದೌಲತ್ ಮೇಡಂ. ವಾಕರು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಏನಿಲ್ಲಮ್ಮ, ಶಾಲೆ ಕಾಗದ."

"ಆ ರಟ್ಟನ್ನ ಮೂವತ್ನಾಲ್ಕು ವರ್ಷ ದಿನಾ ಬೆಳಿಗ್ಗೆ ಮುಟ್ಟಿದೀನಿ. ಇಲ್ಲಿ ತಾ."

ಕೂತು ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುವಿದರು. ಶಾಹಿಂದಾಳನ್ನು ಕರೆದರು. ಯಾವುದನ್ನು ಮುಚ್ಚಿಡಬೇಕೆಂದು ಹತ್ತು ದಿನದಿಂದ ಎಲ್ಲರೂ ಒದ್ದಾಡುತ್ತಿದ್ದರೋ ಅದನ್ನು ಅವಳ ಬಾಯಿಂದ ಹತ್ತು ನಿಮಿಷದಲ್ಲಿ ತೆಗೆಸಿದರು. ಆಮೇಲೆ ಮಗನ ಕಡೆ ತಿರುಗಿದರು.

"ಇಡೀ ವರ್ಷ ನಲವತ್ತೊಂದು ಹುಡುಗೀರಲ್ಲಿ ಒಬ್ಬಳಿಗೂ ನೆಗಡಿ ಬಂದಿಲ್ಲ. ಒಬ್ಬಳ ಮನೇಲೂ ಮದುವೆ ಆಗಿಲ್ಲ, ಸಾವು ಆಗಿಲ್ಲ. ಅಲ್ವಾ ವಗ್ದಿ?"

"ಅಮ್ಮಾ, ಮೇಡಂ ಆರ್ಡರು."

"ಮತ್ತೆ ಇವಳಿಗೆ?"

"ನೀನೇ ಹೇಳ್ಕೊಟ್ಟಿದ್ದು. ಮೇಷ್ಟ್ರ ಮಗೂಗೆ ಒಂದು ಅಂಕಿ ಜಾಸ್ತಿ ಬೀಳಬಾರ್ದು ಅಂತ. ನಾನು ಚಿಕ್ಕೋನಿದ್ದಾಗ ನಿನ್ನ ಸ್ನೇಹಿತೆ ಕೊಟ್ಟ ಎರಡು ಮಾರ್ಕ್ಸನ್ನ ನೀನು ಹೋಗಿ ಕಳೆಸಿ ಬಂದಿದ್ದೆ."

"ಬಂದಿದ್ದೆ. ಆಗ ಮಿಕ್ಕ ಹುಡುಗರ ಮಾರ್ಕ್ಸೂ ನಿಜ ಇತ್ತು ಕಣೋ. ನಲವತ್ತೊಂದು ಸಾಲು ಸುಳ್ಳು ಬರೆದು ಒಂದು ಸಾಲು ನಿಜ ಬರಿ ಅಂತ ನಿನಗೆ ಯಾರು ಹೇಳ್ಕೊಟ್ರು? ನಾನಾ? ನಿನಗೆ ಒಳ್ಳೆಯೋನು ಅನ್ನಿಸ್ಕೊಳ್ಳೋ ಚಟ ಇದ್ರೆ ಇಗ್ಲಾಲ್ ಮುಂದೆ ಪೆನ್ನು ಎಸೆದು ಬರಬೇಕಿತ್ತು. ಅಲ್ಲಿ ಬಾಯಿ ಬರ್ಲಿಲ್ಲ. ಕೈಗೆ ಸಿಕ್ಕಿದ್ದು ಇವಳೊಬ್ಳು."

ವಗ್ದಿ ಎದ್ದು ಬಾಲ್ಕನಿಗೆ ಹೋದರು.

ಆ ಕಪ್ಪು ಪೆನ್ನನ್ನು ಮುದುಕಿ ಮುಟ್ಟಲಿಲ್ಲ. ತಮ್ಮ ಡ್ರಾಯರಿನಿಂದ ಕೆಂಪು ಪೆನ್ನು ತರಿಸಿದರು. "ಹೇಳು ಶಾಹಿಂದಾ. ಸೆಪ್ಟೆಂಬರ್ ಇಪ್ಪತ್ತೊಂದು. ಯಾರ್ಯಾರು ಬಂದಿದ್ರು?" ಶಾಹಿಂದಾ ಹೇಳಿದಳು. ಬಾರದವರ ಸಾಲಿನ ಮೇಲೆ ಕೆಂಪು ಗೆರೆ ಎಳೆದು 'ಬಂದಿಲ್ಲ' ಎಂದು ಬರೆದು ಸಹಿ ಹಾಕಿದರು. ಅಕ್ಟೋಬರಿನ ಮೂರನೇ ಭಾನುವಾರಕ್ಕೆ ಬಂದಾಗ ಅವಳು ನಿಲ್ಲಿಸಿದಳು. "ಅವತ್ತು ನಾನು ಇರ್ಲಿಲ್ಲ ಅಜ್ಜಿ. ನಿಮ್ಜೊತೆ ಇದ್ದೆ."

"ವಗ್ದಿ," ಎಂದು ಮುದುಕಿ ಕೂಗಿದರು. "ಭಾನುವಾರ ಬುಧವಾರದ್ದು ಮೇಷ್ಟ್ರೇ ಹೇಳ್ಬೇಕು. ಬಾ."

ಅವರು ತುಂಬ ಹೊತ್ತು ಬರಲಿಲ್ಲ. ಬಂದು, ನಿಂತುಕೊಂಡೇ, "ಮೂವರು. ಸಬ್ರೀನ್, ಹಿಂದ್, ಮಾರೀನಾ," ಅಂದರು. ಮುಂದಿನ ಬುಧವಾರಕ್ಕೆ ಕುರ್ಚಿ ಎಳೆದುಕೊಂಡರು. ಮಧ್ಯಾಹ್ನ ಮೂರರ ಹೊತ್ತಿಗೆ ಇಡೀ ವರ್ಷ ಕೆಂಪಾಯಿತು. ಇನ್ಸಾಫ್ ಎದ್ದು ತುಂಬಿದ ಸೀಮೆಬದನೆಯ ನಾಲ್ಕು ತಟ್ಟೆ ತಂದಳು. ನಾಲ್ಕನೆಯದನ್ನು ಗಂಡನ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟಳು. ನನಗೆ ಐದನೆಯದು ತರುವುದು ಅವಳಿಗೆ ಮರೆತೇಹೋಯಿತು, ನಾನೇ ಬಡಿಸಿಕೊಂಡೆ.

ಭಾನುವಾರ ಅಪ್ಪ ಮಗಳು ಪುಸ್ತಕ ಹಿಡಿದು ಸಮಿತಿಯ ಕಚೇರಿಗೆ ಹೋದರು. ಅಜ್ಜಿಯನ್ನು ಆಸ್ಪತ್ರೆಗೆ ನಾನು ಕರೆದುಕೊಂಡು ಹೋದೆ. ಸಮಿತಿಯ ಕಚೇರಿಯಲ್ಲಿ ನಡೆದದ್ದನ್ನು ಸಂಜೆ ಶಾಹಿಂದಾ ನನ್ನ ಹೊಲಿಗೆ ಯಂತ್ರದ ಪಕ್ಕ ಕೂತು ಹೇಳಿದಳು.

ಸಮಿತಿಯ ಕಾರ್ಯದರ್ಶಿ ರಮ್ಸಿ ಎನ್ನುವವರು ತುಂಬ ಮರ್ಯಾದಸ್ಥರಂತೆ. ಕಾಫಿ ಕೊಟ್ಟರಂತೆ. ಪುಸ್ತಕವನ್ನು ತಾಳ್ಮೆಯಿಂದ ಕೊನೇ ಪುಟದವರೆಗೂ ನೋಡಿದರಂತೆ.

"ಉಸ್ತಾದ್ ವಗ್ದಿ, ಇದನ್ನ ನಾನು ತಗೊಂಡ್ರೆ ಏನಾಗುತ್ತೆ ಗೊತ್ತಾ? ನಿಮ್ಮ ಶಾಲೆ ಯೋಜನೆಯಿಂದ ಆಚೆಗೆ. ಕಂಪ್ಯೂಟರು ವಾಪಸ್ಸು. ನಿಮ್ಮ ಮೇಡಂ ಮೇಲೆ ವಿಚಾರಣೆ, ನಿಮ್ಮ ಮೇಲೂ ವಿಚಾರಣೆ, ಕಪ್ಪು ಶಾಯಿ ನಿಮ್ದೇ ತಾನೇ? ಮುಂದಿನ ತಿಂಗಳು ಉದ್ಘಾಟನೆ. ದೊಡ್ಡವರು ಬರ್ತಾರೆ. ನಾಲ್ಕು ಹುಡುಗೀರನ್ನ ಕೂರಿಸಿ ಆರು ಕುರ್ಚಿ ಖಾಲಿ ಬಿಡಕ್ಕಾಗುತ್ತಾ?"

"ಬಂದಿದ್ದು ನಾಲ್ಕೇ ಜನ," ಅಂದಳಂತೆ ಶಾಹಿಂದಾ.

"ಒಪ್ಕೋತೀನಮ್ಮ. ನಿನಗೆ ಅನ್ಯಾಯ ಆಗಿದೆ. ಅದಕ್ಕೇ ಹನ್ನೊಂದನೇ ಕುರ್ಚಿ ಹಾಕಿಸ್ತೀನಿ. ನಿನಗೆ."

"ಸಬ್ರೀನ್‌ಗೆ? ಅವಳೂ ಎಪ್ಪತ್ತೈದು ದಾಟಿದಾಳೆ, ದಿನಾ ಬಂದಿದಾಳೆ."

"ಒಂದೊಂದಾಗಿ ಮಾತಾಡೋಣ," ಎಂದು ಅವರು ವಗ್ದಿಯ ಕಡೆ ತಿರುಗಿ ಒಂದು ಕಾಗದ ಬರೆಸಿದರು. ಹಾಜರಿ ಪುಸ್ತಕ ಮೊದಲಿದ್ದಂತೆಯೇ ಸರಿಯಾಗಿದೆ. ಅದರ ಮೇಲಿನ ಕೆಂಪು ಬರಹ ಮನೆಯಲ್ಲಿರುವ ನನ್ನ ವೃದ್ಧ ತಾಯಿಯದು. ಬಿದ್ದ ನಂತರ ಅವರ ಬುದ್ಧಿ ಸ್ತಿಮಿತದಲ್ಲಿಲ್ಲ. ಕೆಳಗೆ ಮಗನ ಸಹಿ, ಪಕ್ಕದಲ್ಲಿ ತಾಯಿಯ ಸಹಿ ಬೇಕಂತೆ.

ರಾತ್ರಿ ಊಟಕ್ಕೆ ಮುಂಚೆ ಆ ಕಾಗದ ಮೇಜಿನ ಮೇಲಿತ್ತು. ವಗ್ದಿ ಇನ್ನೂ ಸಹಿ ಮಾಡಿರಲಿಲ್ಲ.

"ಮಾಡಲ್ಲ," ಅಂದರು. "ನನ್ನ ತಾಯಿಗೆ ಹುಚ್ಚು ಅಂತ ನಾನು ಬರ್ಕೊಡಲ್ಲ."

"ಮಗಳಿಗೆ ಗೈರು ಅಂತ ಬರ್ಕೊಟ್ರಿ," ಅಂದಳು ಇನ್ಸಾಫ್. ಅಂದವಳೇ ಅತ್ತೆಯ ಮುಖ ನೋಡಿ ತುಟಿ ಕಚ್ಚಿಕೊಂಡಳು. "ಅತ್ತೆ, ನಾನು ನಿಮಗೆ ಅಂತ ಅಂದಿದ್ದಲ್ಲ."

"ನನಗೆ ಆ ಸೀಟು ಬೇಡ," ಅಂದಳು ಶಾಹಿಂದಾ.

"ಬೇಡ ಅನ್ನೋಕೆ ನೀನ್ಯಾರೇ?" ಮುದುಕಿ ಸಿಡುಕಿದರು. "ಸೀಟು ನಿಂದು. ನಿನ್ನದನ್ನ ನಿನಗೆ ಕೊಡೋಕೆ ಈ ಕಳ್ಳರು ಒಂದು ಬೆಲೆ ಕೇಳ್ತಿದಾರೆ. ಬೆಲೆ ನನ್ನ ಹತ್ರ ಇದೆ, ನಿನ್ನ ಹತ್ರ ಇಲ್ಲ. ನನಗಿನ್ನೂ ಬುದ್ಧಿ ಇದೆ ಅಂತ ಊರಿಗೆ ತೋರ್ಸಿ ಏನಾಗಬೇಕು? ಪೆನ್ನು ಕೊಡು."

"ಸಬ್ರೀನ್ ಗತಿ ಏನು ಅಜ್ಜಿ?"

ಮುದುಕಿ ಕಾಗದವನ್ನು ತಮ್ಮ ಹತ್ತಿರ ಎಳೆದುಕೊಂಡರು. ನಾನು ತಲೆ ತಗ್ಗಿಸಿ ಕೂತೆ. ಕೆಳಗೆ ಕಾವಲುಗಾರನ ಕೋಣೆಯಲ್ಲಿ ಆ ಹುಡುಗಿಗೆ ಇಂಥದೊಂದು ಪುಸ್ತಕ ಇದೆ ಎಂಬುದೂ ಗೊತ್ತಿರಲಿಲ್ಲ.

ದೌಲತ್ ಮೇಡಂ ಸಹಿ ಮಾಡಿದರು. ಪೂರ್ತಿ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು, ನಿವೃತ್ತ ಮುಖ್ಯೋಪಾಧ್ಯಾಯಿನಿ, ತಾರೀಕು. ಮೂವತ್ತನಾಲ್ಕು ವರ್ಷ ಸರ್ಟಿಫಿಕೇಟುಗಳ ಮೇಲೆ ಬಿದ್ದ ಅದೇ ಸಹಿ, ಒಂದು ಚುಕ್ಕೆ ಅತ್ತಿತ್ತ ಇಲ್ಲ. ವಗ್ದಿ ಕೆಳಗೆ ತಮ್ಮದನ್ನು ಗೀಚಿ ಎದ್ದುಹೋದರು.

ಬುಧವಾರ ಮಧ್ಯಾಹ್ನ ಅವರು ಕಾಗದ ವಾಪಸು ತಂದರು.

"ತಗೊಳ್ಳಲಿಲ್ವಾ?" ಅಂದಳು ಇನ್ಸಾಫ್.

"ಈ ಸಹಿ ನಡೆಯಲ್ವಂತೆ."

"ಯಾಕೆ?"

ವಗ್ದಿ ತಾಯಿಯ ಕಡೆ ನೋಡಲಿಲ್ಲ. "ತುಂಬಾ ಚೆನ್ನಾಗಿದೆಯಂತೆ. ಬುದ್ಧಿ ಇಲ್ಲದೋರ ಸಹಿ ಹೀಗಿರುತ್ತಾ ಅಂತ ನಾಳೆ ಯಾರಾದ್ರೂ ಕೇಳ್ತಾರಂತೆ." ಅವರು ಹೊಸ ಕಾಗದವನ್ನೂ ನೀಲಿ ಶಾಯಿಯ ಪುಟ್ಟ ಡಬ್ಬಿಯನ್ನೂ ಮೇಜಿನ ಮೇಲಿಟ್ಟರು. "ಹೆಬ್ಬೆಟ್ಟು ಒತ್ತಿಸ್ಕೊಂಡು ಬನ್ನಿ ಅಂದ್ರು."

ಈ ನಡುಪೇಟೆಯಲ್ಲಿ ಅಕ್ಷರ ಬಾರದ ಹೆಂಗಸರನ್ನು ಸಂಜೆ ಹೊತ್ತು ಕೂರಿಸಿಕೊಂಡು ಹೆಸರು ಬರೆಯಲು ಕಲಿಸಿದವರು ಇದೇ ದೌಲತ್ ಮೇಡಂ. ನನಗೂ ಕಲಿಸಿದ್ದರು. ನಲವತ್ತು ದಾಟಿದ ಮೇಲೆ, ಈ ಮೇಜಿನ ಮೇಲೆಯೇ, ಬಾಡಿಗೆ ಚೀಟಿಗೆ ನಾನು ಮೊದಲ ಸಲ ಹೆಸರು ಬರೆದೆ.

"ಇವನ ಮನೆ ಹಾಳಾಗ," ಅಂದೆ ನಾನು. ಅದಕ್ಕಿಂತ ಕೆಟ್ಟದ್ದನ್ನೂ ಅಂದೆ. ಇನ್ಸಾಫ್ ಕಾಗದ ಹರಿಯಲು ಕೈ ಹಾಕಿದಳು. ಹದಿನೈದು ದಿನ ಸೀಟು ಸೀಟು ಎಂದು ಬಡಿದಾಡಿದವಳು ಅವಳೇ.

"ಬಿಡು," ಅಂದರು ಮುದುಕಿ. "ಶಾಹಿಂದಾ, ಇಲ್ಲಿ ಬಾ. ಎಲ್ಲಿ ಒತ್ತಬೇಕು ನೋಡಿ ಹೇಳು. ನನಗೆ ಅಭ್ಯಾಸ ಇಲ್ಲ."

ಶಾಹಿಂದಾ ಅಳುತ್ತಿರಲಿಲ್ಲ. ಅಜ್ಜಿಯ ಕೈ ಹಿಡಿದುಕೊಂಡು, ಅಪ್ಪನನ್ನೇ ನೋಡುತ್ತ, ಆ ಬೆರಳನ್ನು ಮೊದಲು ಶಾಯಿಗೆ, ಆಮೇಲೆ ಕಾಗದಕ್ಕೆ ಒತ್ತಿದಳು. ವಗ್ದಿ ಕಣ್ಣು ತಪ್ಪಿಸಲು ನೋಡಿದರು. "ನೋಡು ಅಪ್ಪ," ಅಂದಳು. "ನೀನು ನೋಡ್ಬೇಕು."

ಅವರು ನೋಡಿದರು. ಇನ್ಸಾಫ್ ಎಣ್ಣೆ, ಸೋಪು, ನಿಂಬೆ ಹಚ್ಚಿ ಉಜ್ಜಿದರೂ ಆ ನೀಲಿ ಎರಡು ದಿನ ಹೋಗಲಿಲ್ಲ. ಮುದುಕಿ ಆ ಎರಡು ದಿನ ಊಟದ ಹೊತ್ತಿಗೆ ಎಡಗೈಯಲ್ಲಿ ಚಮಚ ಹಿಡಿದರು.

ಹತ್ತು ದಿನದ ಮೇಲೆ ಹೊಸ ಪಟ್ಟಿ ಅಂಟಿಸಿದರು. ಶಾಹಿಂದಾ ಒಬ್ಬಳೇ ಹೋಗಲು ಒಪ್ಪಲಿಲ್ಲ, ನಾನು ಜೊತೆಗೆ ಹೋದೆ. ಕಾಲೇಜಿನ ಗೇಟಿನ ಬಳಿ ಬಣ್ಣದ ವಾಸನೆ ಇನ್ನೂ ಇತ್ತು. ಹತ್ತು ಹೆಸರುಗಳ ಕೆಳಗೆ ಒಂದು ಗೆರೆ ಎಳೆದು ಹನ್ನೊಂದನೆಯದಾಗಿ ಅವಳ ಹೆಸರು ಬರೆದಿದ್ದರು. ಪಕ್ಕದಲ್ಲಿ ಆವರಣ ಹಾಕಿ, ಶಿಕ್ಷಕರ ಮಗಳು, ಸಹಾನುಭೂತಿಯ ಮೇರೆಗೆ ವಿಶೇಷ ಅವಕಾಶ.

ಅವಳು ಅದನ್ನು ಎರಡು ಸಲ ಓದಿದಳು. ನಾನು ಅವಳ ಮೊಣಕೈ ಹಿಡಿದುಕೊಂಡೆ.

ಹಿಂದಿನಿಂದ ಯಾರೋ ಬಂದು ಅವಳನ್ನು ಅಪ್ಪಿಕೊಂಡರು. ನೂರ್‌ಹಾನ್. ಚಪ್ಪಲಿ ಅಂಗಡಿಯವನ ಮಗಳು, ಪಟ್ಟಿಯಲ್ಲಿ ಎರಡನೆಯವಳು. ಮನಸ್ಸಿನಲ್ಲಿ ಕಪಟವಿಲ್ಲದ ಹುಡುಗಿ, ಅವಳ ಎರಡು ಫ್ರಾಕು ನಾನೇ ಹೊಲಿದಿದ್ದೇನೆ.

"ಸದ್ಯ ನಿನಗೂ ಸಿಕ್ತಲ್ಲ. ನಿಮ್ಮಪ್ಪ ಮೇಷ್ಟ್ರಾಗಿದ್ದು ಒಳ್ಳೇದಾಯ್ತು ಬಿಡು. ನಮಗೆಲ್ಲ ಹಾಗೆ ಹೇಳೋರು ಯಾರಿದಾರೆ?"

ಶಾಹಿಂದಾ ಅವಳ ಕೈಗಳನ್ನು ತನ್ನ ಹೆಗಲಿಂದ ಒಂದೊಂದಾಗಿ ತೆಗೆದಳು. "ನಾನು ಶಾಲೆಗೆ ಬರ್ತಿದ್ದೆ ನೂರ್‌ಹಾನ್. ವಾರಕ್ಕೆ ಮೂರು ದಿನ. ಇಡೀ ವರ್ಷ."

ನೂರ್‌ಹಾನ್ ಅವಳ ಮುಖವನ್ನೇ ನೋಡಿದಳು. ನಿಜಕ್ಕೂ ಆಶ್ಚರ್ಯಪಟ್ಟಿದ್ದಳು.

"ಬರ್ತಿದ್ಯಾ? ನಾನು ಒಂದಿನಾನೂ ನೋಡ್ಲಿಲ್ವಲ್ಲೇ ನಿನ್ನ," ಅಂದಳು.